ಮೂವತ್ತೆರಡನ್ನು ಮೊದಲು ಕಳೆಯಿರಿ

ಮಗುವಿನ ಮೈ ಕೆಂಡದ ಹಾಗೆ ಸುಡುತ್ತಿರುವಾಗ ಥರ್ಮಾಮೀಟರ್ 38.9 ಎಂದು ತೋರಿಸಿದರೆ ‘ಇಷ್ಟೇ ತಾನೇ’ ಎಂದು ಸುಮ್ಮನೆ ಕೂರಬೇಡಿ. ಅದು ಸೆಲ್ಸಿಯಸ್. ನಮ್ಮ ಮನೆಗಳಲ್ಲಿ ‘ನೂರೆರಡು ಜ್ವರ’ ಅನ್ನುತ್ತೇವಲ್ಲ, ಅದೇ ಇದು. ಅಂಕಿಯ ಪಕ್ಕದಲ್ಲಿರುವ ಸಿ ಅಥವಾ ಎಫ್ ಅಕ್ಷರವನ್ನು ಮೊದಲು ನೋಡಿ.

ಲೆಕ್ಕ ಹಾಕುವವರು ಎಡವುವುದು ಮೂವತ್ತೆರಡರ ಹತ್ತಿರ. ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ ಬರುವಾಗ ಮೊದಲು 32 ಕಳೆಯಬೇಕು, ಆಮೇಲೆ 5ರಿಂದ ಗುಣಿಸಿ 9ರಿಂದ ಭಾಗಿಸಬೇಕು. 102ರಲ್ಲಿ 32 ಹೋದರೆ 70; ಐದರಿಂದ ಗುಣಿಸಿದರೆ 350; ಒಂಬತ್ತರಿಂದ ಭಾಗಿಸಿದರೆ ಸುಮಾರು 38.9. ಕಳೆಯುವುದನ್ನು ಕೊನೆಗಿಟ್ಟರೆ 25ರ ಆಸುಪಾಸು ಬರುತ್ತದೆ. ಜ್ವರದ ಮೈ ಅಷ್ಟು ತಣ್ಣಗಿರುವುದುಂಟೆ?

‘ಜ್ವರ ಒಂದು ಡಿಗ್ರಿ ಇಳಿದಿದೆ’ ಎಂದು ಯಾರಾದರೂ ಹೇಳಿದರೆ ಮಾತ್ರ ಅಲ್ಲಿ 32ರ ಗೊಡವೆಯೇ ಬೇಡ. ಅದು ಬರೀ ವ್ಯತ್ಯಾಸ. ಸೆಲ್ಸಿಯಸ್‌ನ ಒಂದು ಡಿಗ್ರಿ ಫ್ಯಾರನ್‌ಹೀಟ್‌ನ 1.8 ಡಿಗ್ರಿಗೆ ಸಮ, ಅಷ್ಟೇ.

ರಾತ್ರಿ ಎರಡು ಗಂಟೆಗೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಾಗ, ಯಾವ ಲೆಕ್ಕವೂ ತಲೆಗೆ ಹತ್ತುವುದಿಲ್ಲ. 37ಕ್ಕೆ 98.6, 38ಕ್ಕೆ 100.4, 39ಕ್ಕೆ 102.2, 40ಕ್ಕೆ 104 ಎಂದು ಚೀಟಿ ಬರೆದು ಇವತ್ತೇ ಔಷಧಿ ಡಬ್ಬಿಗೆ ಅಂಟಿಸಿಡಿ. ಡಾಕ್ಟರಿಗೆ ಫೋನ್ ಮಾಡಿದಾಗ ಅಂಕಿಯ ಜೊತೆ ಅಳತೆಯ ಹೆಸರನ್ನೂ ಹೇಳಿ.