ಕತೆ ಹೇಳುವವನು ಎಲ್ಲಿ ನಿಂತಿದ್ದಾನೆ?

ಕಾದಂಬರಿಯೊಂದನ್ನು ಓದಿ ಮುಗಿಸಿ ಒಂದು ವಾರ ಕಳೆದ ಮೇಲೆ ಅದರಲ್ಲಿ ನಮ್ಮ ನೆನಪಿನಲ್ಲಿ ಉಳಿಯುವುದೆಷ್ಟು? ನಾಲ್ಕಾರು ಮುಖಗಳು, ಒಂದೆರಡು ಸನ್ನಿವೇಶಗಳು, ಅಷ್ಟೆ. ಶಿಲ್ಪವನ್ನಾದರೆ ಸುತ್ತಲೂ ತಿರುಗಿ ನೋಡಬಹುದು. ಕಾದಂಬರಿಯು ಪುಟ ಮಗುಚಿದಂತೆಲ್ಲ ಕೈಯಿಂದ ಜಾರಿಹೋಗುವುದು. ಹೀಗೆ ಜಾರುವ ವಸ್ತುವಿನ ಆಕಾರವನ್ನು ಹಿಡಿಯುವುದು ಹೇಗೆ? ಇಂಗ್ಲೆಂಡಿನ ವಿಮರ್ಶಕನಾದ ಪರ್ಸಿ ಲಬ್ಬಕ್ಕನು 1921ರಲ್ಲಿ ಪ್ರಕಟಿಸಿದ ‘ದಿ ಕ್ರಾಫ್ಟ್ ಆಫ್ ಫಿಕ್ಷನ್’ ಎಂಬ ಗ್ರಂಥವನ್ನು ಈ ತೊಡಕಿನಿಂದಲೇ ಆರಂಭಿಸಿದ್ದಾನೆ.

ಅವನು ಕಂಡುಕೊಂಡ ಉತ್ತರವು ಮೇಲ್ನೋಟಕ್ಕೆ ಬಹಳ ಸಣ್ಣದು. ಕತೆಯನ್ನು ಹೇಳುವವನು ಎಲ್ಲಿ ನಿಂತು ಹೇಳುತ್ತಿದ್ದಾನೆಂಬುದನ್ನು ಮೊದಲು ನೋಡಬೇಕು. ಕಾದಂಬರಿಯ ರಚನಾಕೌಶಲವೆಲ್ಲ ಈ ದೃಷ್ಟಿಕೋನದ ಪ್ರಶ್ನೆಗೆ ಅಧೀನವಾದುದು ಎಂದು ಆತನ ಮತ. ನಮ್ಮ ನಗರದ ಚಾಳಿನಲ್ಲಿ ನಲ್ಲಿಯ ಬಳಿ ಒಂದು ಜಗಳ ನಡೆಯಿತೆಂದು ಭಾವಿಸಿರಿ. ಜಗಳವಾಡಿದಾಕೆ ಹೇಳುವ ಕತೆ ಒಂದು. ಮೂರನೆಯ ಮಹಡಿಯ ಕಟಾಂಜನಕ್ಕೆ ಒರಗಿ ನೋಡಿದವರು ಹೇಳುವ ಕತೆ ಇನ್ನೊಂದು. ಕೊಡಗಳು ಅವೇ, ಮಾತುಗಳೂ ಅವೇ. ಆದರೂ ಕತೆ ಬೇರೆಯಾಯಿತು. ಲಬ್ಬಕ್ಕನು ಬಹುವಾಗಿ ಮೆಚ್ಚಿದ ಕೃತಿಗಳಲ್ಲಿ ಹೆನ್ರಿ ಜೇಮ್ಸನ ‘ದಿ ಅಂಬಾಸಡರ್ಸ್’ (1903) ಒಂದು. ಸ್ಟ್ರೆದರ್ ಎಂಬ ನಡುವಯಸ್ಸಿನ ಅಮೆರಿಕನನು ಪ್ಯಾರಿಸಿನಲ್ಲಿ ನೆಲೆನಿಂತ ತರುಣನೊಬ್ಬನನ್ನು ಮನೆಗೆ ಮರಳಿ ಕರೆತರಲೆಂದು ಹೊರಡುವನು. ಕಾದಂಬರಿಯುದ್ದಕ್ಕೂ ಅವನ ಅರಿವಿಗೆ ಬಂದಷ್ಟೇ ನಮ್ಮ ಅರಿವಿಗೂ ಬರುವುದು. ಅವನು ಮೋಸಹೋದಾಗ ನಾವೂ ಮೋಸಹೋಗುವೆವು.

ಆರು ವರ್ಷಗಳ ತರುವಾಯ, 1927ರಲ್ಲಿ, ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಉಪನ್ಯಾಸಮಾಲೆಯಲ್ಲಿ ಇ. ಎಂ. ಫಾರ್ಸ್ಟರನು ಇದಕ್ಕೆ ಎದುರುನುಡಿದನು. ಆ ಉಪನ್ಯಾಸಗಳೇ ‘ಆಸ್ಪೆಕ್ಟ್ಸ್ ಆಫ್ ದಿ ನಾವೆಲ್’ ಎಂಬ ಪುಸ್ತಕವಾದವು. ಫಾರ್ಸ್ಟರನು ಸ್ವತಃ ಕಾದಂಬರಿಕಾರ. ಭಾರತದ ಹಿನ್ನೆಲೆಯಲ್ಲಿ ‘ಎ ಪ್ಯಾಸೇಜ್ ಟು ಇಂಡಿಯಾ’ (1924) ಬರೆದವನು. ಅವನ ವಾದವಾದರೋ, ನಿಂತ ಸ್ಥಳವನ್ನು ಲೇಖಕನು ಬದಲಿಸಿದರೂ ಚಿಂತೆಯಿಲ್ಲ, ಓದುಗನು ಒಪ್ಪುವಂತೆ ಅವನನ್ನು ಸೆಳೆದೊಯ್ಯುವ ಶಕ್ತಿ ಇದ್ದರೆ ಸಾಕು ಎಂಬುದು. ಡಿಕೆನ್ಸನ ‘ಬ್ಲೀಕ್ ಹೌಸ್’ (1852-53) ಅವನ ನಿದರ್ಶನ. ಅಲ್ಲಿ ಕೆಲವು ಅಧ್ಯಾಯಗಳನ್ನು ಎಲ್ಲವನ್ನೂ ಬಲ್ಲ ಹೆಸರಿಲ್ಲದ ನಿರೂಪಕನು ಹೇಳಿದರೆ, ಉಳಿದವನ್ನು ಎಸ್ತರ್ ಸಮರ್ಸನ್ ಎಂಬ ಕನ್ಯೆಯು ತನ್ನ ಬಾಯಿಂದಲೇ ಹೇಳುವಳು. ತರ್ಕಕ್ಕೆ ಇದು ಒಡಕು. ಓದುತ್ತಿರುವಾಗ ಯಾರಿಗೆ ಅದರ ಗೊಡವೆ? ಜೇಮ್ಸನ ಅದೇ ಕಾದಂಬರಿಯನ್ನು ಕೈಗೆತ್ತಿಕೊಂಡು, ಅದರ ಆಕಾರವು ಮರಳುಗಡಿಯಾರದಂತೆ ಸುಂದರವೆಂದು ಒಪ್ಪಿ, ಆ ಸೌಂದರ್ಯಕ್ಕಾಗಿ ಬದುಕಿನ ಬಹುಭಾಗವನ್ನು ಹೊರಗಟ್ಟಬೇಕಾಯಿತೆಂದು ಫಾರ್ಸ್ಟರನು ಕೊರಗುತ್ತಾನೆ.

ಇಬ್ಬರೂ ಘನ ವಿದ್ವಾಂಸರು, ಎದುರಿಗಿರುವುದು ಒಂದೇ ಗ್ರಂಥ, ತೀರ್ಪು ಎರಡು. ಇಲ್ಲಿ ವಿದ್ಯಾರ್ಥಿಯು ಕಂಗಾಲಾಗಬೇಕಿಲ್ಲ. ಲಬ್ಬಕ್ಕನು ಕಲಿಸಿದ ಪ್ರಶ್ನೆಯನ್ನು ಲಬ್ಬಕ್ಕನಿಗೇ ಹಾಕಬಹುದಲ್ಲ! ಆತನೆಲ್ಲಿ ನಿಂತಿದ್ದಾನೆ? ಆತನು ಜೇಮ್ಸನ ಮಿತ್ರ. ಜೇಮ್ಸನ ಪತ್ರಗಳನ್ನು 1920ರಲ್ಲಿ ಸಂಪಾದಿಸಿ ಪ್ರಕಟಿಸಿದವನು. ಗುರುವಿನ ಪದ್ಧತಿಯೇ ಉತ್ತಮ ಪದ್ಧತಿಯಾಗಿ ಅವನಿಗೆ ತೋರಿದ್ದರೆ ಅಚ್ಚರಿಯಿಲ್ಲ. ಫಾರ್ಸ್ಟರನಾದರೋ ಬರೆಯುವ ಮೇಜಿನ ಕಡೆಯಿಂದ ಮಾತನಾಡುತ್ತಾನೆ. ತನ್ನ ಕೈಗೆ ಕೋಳ ಬೀಳುವುದನ್ನು ಯಾವ ಕುಶಲಿ ಸಹಿಸುವನು? ಇಷ್ಟು ತಿಳಿದ ಮಾತ್ರಕ್ಕೆ ಅವರ ಮಾತು ಸುಳ್ಳಾಗದು. ಎಷ್ಟು ದೂರ ನಂಬಬೇಕೆಂಬುದು ಗೊತ್ತಾಗುವುದು. ನನ್ನ ಮನಸ್ಸು ಫಾರ್ಸ್ಟರನ ಕಡೆಗೆ ವಾಲುತ್ತದೆ. ಆದರೆ ಕಾದಂಬರಿಯನ್ನು ಗಮನವಿಟ್ಟು ನೋಡಲು ನನಗೆ ಕಲಿಸಿದವನು ಲಬ್ಬಕ್ಕನೇ.

ಇನ್ನು, ಉತ್ತರಪತ್ರಿಕೆಗಳನ್ನು ತಿದ್ದುವವರ ಒಂದು ಸಂಕಟವನ್ನು ಹೇಳದೆ ಇರಲಾರೆ. ‘ಈ ಪಾತ್ರವು ಚಪ್ಪಟೆಯಾದುದು, ಆದುದರಿಂದ ದೋಷಯುಕ್ತವಾದುದು’ ಎಂಬ ವಾಕ್ಯವು ಸಾಲುಸಾಲಾಗಿ ಹತ್ತಾರು ಪತ್ರಿಕೆಗಳಲ್ಲಿ ಬರುವುದುಂಟು. ಎಲ್ಲವೂ ಒಂದೇ ಕೈಪಿಡಿಯ ಕೃಪೆ. ಚಪ್ಪಟೆ ಪಾತ್ರ, ದುಂಡು ಪಾತ್ರ ಎಂಬ ವಿಭಾಗವನ್ನು ಪ್ರಚಾರಕ್ಕೆ ತಂದವನು ಈ ಫಾರ್ಸ್ಟರನೇ. ಆದರೆ ಚಪ್ಪಟೆಯಾದುದೆಲ್ಲ ಕೀಳೆಂದು ಆತನು ಹೇಳಲಿಲ್ಲ. ಡಿಕೆನ್ಸನ ಪಾತ್ರಗಳು ಬಹುಮಟ್ಟಿಗೆ ಚಪ್ಪಟೆಯಾಗಿದ್ದೂ ಅವುಗಳಲ್ಲಿ ಜೀವವು ತುಂಬಿ ತುಳುಕುವುದನ್ನು ಕಂಡು ಬೆರಗಾದವನು ಅವನು. ಮೂಲವನ್ನು ಓದದೆ ಬೈಗುಳವನ್ನಷ್ಟೇ ಎರವಲು ತಂದರೆ, ಪಾತ್ರಕ್ಕೂ ಅನ್ಯಾಯ, ವಿಮರ್ಶಕನಿಗೂ ಅನ್ಯಾಯ.

ಆದುದರಿಂದ ಮೊದಲು ಕತೆ, ಆಮೇಲೆ ವಿಮರ್ಶೆ, ಮತ್ತೆ ಕತೆ ಎಂಬ ಕ್ರಮವನ್ನು ಇಟ್ಟುಕೊಳ್ಳಿರಿ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಅನೇಕ ಗ್ರಂಥಾಲಯಗಳಲ್ಲಿ ದೊರೆಯುವುದು. ಮೂರು ತಲೆಮಾರುಗಳ ಆ ಕತೆಯಲ್ಲಿ ರಾಮ ಐತಾಳರು ಪಾರ್ವತಿಯು ಇರುವಾಗಲೇ ಸತ್ಯಭಾಮೆಯನ್ನು ಮದುವೆಯಾಗುವ ಪ್ರಸಂಗವನ್ನು ಎರಡು ಸಲ ಓದಿರಿ. ಲೇಖಕನು ಯಾರ ಮನಸ್ಸಿನೊಳಗೆ ಹೋಗುತ್ತಾನೆ, ಯಾರ ಬಾಗಿಲಲ್ಲಿ ನಿಂತು ಹಿಂದಿರುಗುತ್ತಾನೆ ಎಂಬುದನ್ನು ಪೆನ್ಸಿಲಿನಿಂದ ಗುರುತಿಸಿರಿ. ಬಳಿಕ ಅಲ್ಲಿಯ ಒಂದು ಪುಟವನ್ನು ಪಾರ್ವತಿಯೇ ‘ನಾನು’ ಎಂದು ಹೇಳುವಂತೆ ಬರೆಯಿರಿ. ಆಕೆಯು ತಿಳಿದಿರಲಾರದ ಸಂಗತಿಗಳನ್ನು ಬಿಡಬೇಕಾಗುವುದು. ಆಕೆಯೊಬ್ಬಳಿಗೇ ಗೊತ್ತಿರುವುದನ್ನು ನೀವು ಸೇರಿಸಬೇಕಾಗುವುದು. ಬಿಟ್ಟವುಗಳದೊಂದು, ಸೇರಿಸಿದವುಗಳದೊಂದು, ಹೀಗೆ ಎರಡು ಪಟ್ಟಿಗಳನ್ನು ಮುಂದಿಟ್ಟುಕೊಂಡು ಲಬ್ಬಕ್ಕನ ಪುಟಗಳನ್ನು ತೆರೆಯಿರಿ. ಇಂಗ್ಲಿಷ್ ಕಠಿನವೆನಿಸಿದರೆ ಅಧ್ಯಾಪಕರ ಬಳಿ ಕುಳಿತು ದಿನಕ್ಕೆ ಎರಡೇ ಪುಟ ಓದಿದರೂ ಸಾಕು.