ಜೀವಕೋಶದೊಳಗಿನ ಸರಕು ಸಾಗಾಟ

ಸಕಲ ಜೀವಿಗಳ ಶರೀರವೂ ಜೀವಕೋಶಗಳಿಂದ ರಚಿತವಾದುದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಆದರೆ ಕರಿಹಲಗೆಯ ಮೇಲೆ ಒಂದು ವೃತ್ತವನ್ನೆಳೆದು, ನಡುವೆ ಚುಕ್ಕೆಯನ್ನಿಟ್ಟು, ‘ಇದು ಪೊರೆ, ಇದು ಕೋಶಕೇಂದ್ರ’ ಎಂದು ಹೇಳಿ ಮುಗಿಸಿದರೆ, ಕೋಶವೆಂಬುದು ನಿಶ್ಚಲವಾದ ಒಂದು ಹನಿ ಎಂಬ ಭಾವನೆಯೇ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ವಾಸ್ತವವಾಗಿ ಅದರೊಳಗೆ ಅಹರ್ನಿಶಿ ಸಾಗಾಟ ನಡೆದಿರುತ್ತದೆ. ಒಂದೆಡೆ ತಯಾರಾದ ವಸ್ತು ಇನ್ನೊಂದೆಡೆಗೆ ತಕ್ಕ ಸಮಯದಲ್ಲಿ ತಪ್ಪದೆ ತಲುಪಬೇಕು. ಈ ವ್ಯವಸ್ಥೆಯ ಸ್ವರೂಪವನ್ನೂ, ಅದು ಕೆಟ್ಟಾಗ ಒದಗುವ ವಿಪತ್ತನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಕೋಶಿಕೆ ಎಂದರೇನು?

ಕೋಶದ ಒಳಭಾಗವು ಅನೇಕ ಕೋಣೆಗಳುಳ್ಳ ಮನೆಯಂತಿದೆ. ಲಿಪಿಡ್ ಎಂಬ ಮೇದಸ್ಸಿನ ಜಾತಿಯ ಅಣುಗಳು ಎರಡು ಪದರಗಳಾಗಿ ನಿಂತು ರಚಿಸಿದ ಪೊರೆಯೇ ಅದರ ಗೋಡೆ. ದೊಡ್ಡದಾದ ಪ್ರೋಟೀನು ಅಣುವು ಈ ಗೋಡೆಯನ್ನು ತಾನಾಗಿ ದಾಟಲಾರದು. ಆದುದರಿಂದ ಹೊರಡುವ ಕೋಣೆಯ ಪೊರೆಯೇ ಒಂದೆಡೆ ಮೊಗ್ಗಿನಂತೆ ಉಬ್ಬಿ, ಪ್ರೋಟೀನನ್ನು ಒಳಗಿಟ್ಟುಕೊಂಡು, ಕತ್ತು ಕಿರಿದಾಗಿ ಕಳಚಿಕೊಳ್ಳುತ್ತದೆ. ಹೀಗಾದ ಪುಟ್ಟ ಚೀಲಕ್ಕೆ ಕೋಶಿಕೆ ಎಂದು ಹೆಸರು. ಅದು ಗುರಿಯನ್ನು ಮುಟ್ಟಿದಾಗ ಎರಡು ಪೊರೆಗಳೂ ಒಂದಾಗಿ ಬೆರೆತು ಒಳಗಿನ ಪ್ರೋಟೀನು ಆ ಕಡೆಗೆ ಸೇರುತ್ತದೆ; ಚೀಲದ ಲಿಪಿಡ್ಡು ಅಲ್ಲಿನ ಗೋಡೆಯ ಭಾಗವಾಗುತ್ತದೆ. ಚೀಲವೂ ಸರಕೇ ಆಗುವುದು ಇಲ್ಲಿಯ ವೈಶಿಷ್ಟ್ಯ. ಇಂತಹ ಕೋಶಿಕೆಗಳ ಅಡ್ಡಳತೆ ಸಾಮಾನ್ಯವಾಗಿ 50ರಿಂದ 100 ನ್ಯಾನೋಮೀಟರು. ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿನಲ್ಲಿ 10,000ದಿಂದ 20,000 ಕೋಶಿಕೆಗಳು ಹಿಡಿದಾವು.

ದಾರಿಯನ್ನು ಕಂಡವರು

ಇಟಲಿಯ ಕಮಿಲ್ಲೊ ಗಾಲ್ಜಿಯವರು 1898ರಲ್ಲಿ ನರಕೋಶದೊಳಗೆ ಬಲೆಯಂತಹ ಒಂದು ರಚನೆಯನ್ನು ಕಂಡರು. ಅದು ಬಣ್ಣ ಹಾಕಿದ್ದರಿಂದಾದ ಭ್ರಮೆಯಿರಬಹುದೆಂದು ಹಲವರು ಬಹುಕಾಲ ಶಂಕಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಬಂದ ಮೇಲೆ ಆ ಶಂಕೆ ನಿವಾರಣೆಯಾಯಿತು.

ರುಮೇನಿಯದಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಜಾರ್ಜ್ ಪಲಾಡೆಯವರು ಜೇಮ್ಸನ್ನರೊಡನೆ ನಡೆಸಿ 1967ರಲ್ಲಿ ಪ್ರಕಟಿಸಿದ ಪ್ರಯೋಗವು ಸ್ಮರಣೀಯವಾದುದು. ಅವರು ಗಿನಿಯಿಲಿಯ ಮೇದೋಜೀರಕ ಗ್ರಂಥಿಯ ತೆಳು ಚೂರುಗಳಿಗೆ, ವಿಕಿರಣದ ಗುರುತುಳ್ಳ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಕೇವಲ 3 ನಿಮಿಷ ಉಣಿಸಿದರು. ಆ ಬಳಿಕ ಗುರುತಿಲ್ಲದ ಲ್ಯೂಸಿನ್ನನ್ನು ಕೊಟ್ಟು, ಗುರುತು ಎಲ್ಲಿಗೆ ಸಾಗುವುದೆಂದು ನೋಡಿದರು. ಮೊದಲು ಅದು ರೈಬೋಸೋಮುಗಳು ಅಂಟಿಕೊಂಡಿರುವ ಒರಟು ಜಾಲದಲ್ಲಿತ್ತು. ಸುಮಾರು 20 ನಿಮಿಷಗಳ ತರುವಾಯ ಗಾಲ್ಜಿ ರಚನೆಯ ಬಳಿ ಕಾಣಿಸಿತು. ಸುಮಾರು 2 ಗಂಟೆಗಳ ಅನಂತರ ಕೋಶದ ಅಂಚಿನಲ್ಲಿ ಜೀರ್ಣಕಿಣ್ವಗಳನ್ನು ತುಂಬಿಕೊಂಡ ಕಣಗಳಲ್ಲಿತ್ತು. ಹೀಗೆ ಪ್ರೋಟೀನಿನ ಪಯಣದ ಹಾದಿ ಸ್ಪಷ್ಟವಾಯಿತು. 1974ರಲ್ಲಿ ಆಲ್ಬರ್ಟ್ ಕ್ಲಾಡ್ ಮತ್ತು ಕ್ರಿಶ್ಚಿಯನ್ ದ ದ್ಯೂವ್ ಅವರೊಡನೆ ಪಲಾಡೆಯವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಯೀಸ್ಟು ಕಲಿಸಿದ ಪಾಠ

ಹಾದಿ ತಿಳಿದರೂ ಅದನ್ನು ನಡೆಸುವವರಾರೆಂಬುದು ತಿಳಿದಿರಲಿಲ್ಲ. ಕ್ಯಾಲಿಫೋರ್ನಿಯದ ರ‍್ಯಾಂಡಿ ಶೆಕ್‌ಮನ್ನರು ಅದನ್ನು ಅರಿಯಲು ರೊಟ್ಟಿಯನ್ನು ಉಬ್ಬಿಸುವ ಯೀಸ್ಟನ್ನು ಆರಿಸಿಕೊಂಡರು. ಕಾವು ಏರಿದೊಡನೆ ಸಾಗಾಟ ನಿಲ್ಲುವಂತಹ ದೋಷಯುಕ್ತ ತಳಿಗಳನ್ನು ಅವರೂ ಅವರ ಶಿಷ್ಯರೂ ಹುಡುಕಿದರು. ಅವುಗಳಲ್ಲಿ ಕೆಲವು ತಳಿಗಳ ಕೋಶಗಳೊಳಗೆ, ರಸ್ತೆ ಮುಚ್ಚಿದಾಗ ನಿಂತ ಗಾಡಿಗಳಂತೆ ಕೋಶಿಕೆಗಳು ರಾಶಿಬಿದ್ದಿದ್ದವು. 1980ರ ವೇಳೆಗೆ ಈ ಕಾರ್ಯಕ್ಕೆ ಬೇಕಾದ 23 ಜೀನುಗಳನ್ನು ಅವರು ಗುರುತಿಸಿದರು.

ಜೇಮ್ಸ್ ರಾತ್‌ಮನ್ನರು ಕೋಶವನ್ನೊಡೆದು, ಅದರ ಭಾಗಗಳಿಂದಲೇ ಪ್ರನಾಳದಲ್ಲಿ ಸಾಗಾಟವನ್ನು ನಡೆಯಿಸಿ ತೋರಿಸಿದರು. ಕೋಶಿಕೆಯ ಮೇಲೊಂದು, ಗುರಿಯ ಪೊರೆಯ ಮೇಲೆ ಅದಕ್ಕೆ ಹೊಂದುವ ಮತ್ತೊಂದು, ಹೀಗೆ ಜೊತೆಗೂಡುವ ಪ್ರೋಟೀನುಗಳು ಹೆಣೆದುಕೊಂಡು ಎರಡು ಪೊರೆಗಳನ್ನು ಸಮೀಪಕ್ಕೆಳೆಯುತ್ತವೆ. ಇವಕ್ಕೆ ಸ್ನೇರ್ ಪ್ರೋಟೀನುಗಳೆಂದು ಹೆಸರು. ತಪ್ಪು ವಿಳಾಸಕ್ಕೆ ಸರಕು ಸೇರದಿರಲು ಈ ಹೊಂದಾಣಿಕೆಯೂ ಒಂದು ಕಾರಣ. ನರಕೋಶದಲ್ಲಿ ಕ್ಯಾಲ್ಸಿಯಂ ಒಳನುಗ್ಗಿದ ಕ್ಷಣದಲ್ಲಿಯೇ ಕೋಶಿಕೆಗಳು ತೆರೆದುಕೊಳ್ಳುವ ಬಗೆಯನ್ನು ಥಾಮಸ್ ಸ್ಯೂಡೋಫ್ ವಿವರಿಸಿದರು. ಈ ಮೂವರಿಗೂ 2013ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ವ್ಯವಸ್ಥೆ ಕೆಟ್ಟಾಗ

ಈ ಜ್ಞಾನವು ಬರಿಯ ಪಾಂಡಿತ್ಯಕ್ಕೆ ಮಾತ್ರ ಸಲ್ಲುವುದಲ್ಲ. ಧನುರ್ವಾಯುವನ್ನೇ ನೋಡಿರಿ. ಮಣ್ಣಿನಲ್ಲಿರುವ ಅದರ ರೋಗಾಣು ಗಾಯದೊಳಗೆ ಸೇರಿ ವಿಷವನ್ನು ಸ್ರವಿಸುತ್ತದೆ. ಆ ವಿಷವು ನರದ ಗುಂಟ ಮೇಲೇರಿ, ಸ್ನಾಯುಗಳ ಬಿಗಿತವನ್ನು ಹತೋಟಿಯಲ್ಲಿಡುವ ನರಕೋಶಗಳನ್ನು ಹೊಕ್ಕು, ಅಲ್ಲಿನ ಒಂದು ಸ್ನೇರ್ ಪ್ರೋಟೀನನ್ನು ಕತ್ತರಿಸುತ್ತದೆ. 1992ರಲ್ಲಿ ಈ ಸಂಗತಿ ಬೆಳಕಿಗೆ ಬಂದಿತು. ಕೋಶಿಕೆಗಳು ತುಂಬಿದ್ದರೂ ತೆರೆದುಕೊಳ್ಳಲಾರವು. ‘ಸಡಿಲವಾಗು’ ಎಂಬ ಆಜ್ಞೆ ಸ್ನಾಯುವಿಗೆ ಮುಟ್ಟದು. ದವಡೆ ಕಚ್ಚಿ, ದೇಹ ಬಿಲ್ಲಿನಂತೆ ಬಾಗುವುದು. ನರದೊಳಗೆ ಸೇರಿದ ವಿಷವನ್ನು ಔಷಧವು ಹಿಂತೆಗೆಯಲಾರದು. ಲಸಿಕೆಯಿಂದ ರಕ್ತದಲ್ಲಿ ಸಿದ್ಧವಾಗಿರುವ ಪ್ರತಿಕಾಯಗಳು ಅದಕ್ಕಿಂತ ಮೊದಲೇ ವಿಷವನ್ನು ತಡೆಯಬಲ್ಲವು. ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನದ ಮಟ್ಟಕ್ಕೆ ಇಳಿಸಿದ ದೇಶವೆಂದು ಭಾರತವು 2015ರಲ್ಲಿ ಮನ್ನಣೆ ಪಡೆಯಿತು. ಆದರೆ ರೋಗಾಣು ಮಣ್ಣಿನಲ್ಲಿ ಇದ್ದೇ ಇದೆ. ಆದುದರಿಂದಲೇ 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಲಸಿಕೆಯನ್ನು ಯಾವ ಮಗುವೂ ತಪ್ಪಿಸಬಾರದು.

ಹೊರಗಿನಿಂದ ಒಳಗೂ ಸಾಗಾಟವುಂಟು. ರಕ್ತದಲ್ಲಿನ ಕೊಲೆಸ್ಟರಾಲು ತುಂಬಿದ ಕಣಗಳನ್ನು ಕೋಶದ ಮೇಲಿನ ಗ್ರಾಹಕಗಳು ಹಿಡಿದು ಕೋಶಿಕೆಗಳ ಮೂಲಕ ಒಳಕ್ಕೆ ಒಯ್ಯುತ್ತವೆ. ಈ ಗ್ರಾಹಕಗಳು ವಂಶಪಾರಂಪರ್ಯವಾಗಿ ಕೆಟ್ಟಿದ್ದರೆ ಕೊಲೆಸ್ಟರಾಲು ರಕ್ತದಲ್ಲಿಯೇ ಉಳಿದು, ಎಳೆಯ ವಯಸ್ಸಿನಲ್ಲಿಯೇ ಹೃದ್ರೋಗ ಬರಬಹುದು. ಇದನ್ನು ಶೋಧಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರು 1985ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಉಪಸಂಹಾರ

ಯೀಸ್ಟಿನ ಅಧ್ಯಯನದಿಂದ ಯಾರಿಗೆ ಏನು ಪ್ರಯೋಜನವೆಂದು ಕೇಳುವವರುಂಟು. ಇಂದು ಮಧುಮೇಹಿಗಳು ಬಳಸುವ ಇನ್ಸುಲಿನ್ನಿನ ಒಂದು ಪಾಲನ್ನು ಯೀಸ್ಟಿನಿಂದಲೇ ತಯಾರಿಸುತ್ತಾರೆ. ಅದನ್ನು ಕೋಶದಿಂದ ಹೊರತರುವುದು ಇದೇ ಸಾಗಾಟದ ಹಾದಿ. ವಿದ್ಯೆಗೆ ನೀಡಿದ ದಾನದ ಫಲವು ಎಲ್ಲಿ, ಯಾವಾಗ, ಯಾರಿಗೆ ಒದಗುವುದೆಂದು ಮುಂದಾಗಿ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಪಡೆದುದನ್ನು ತನ್ನಲ್ಲಿಯೇ ಕೂಡಿಡದೆ ಸಲ್ಲಬೇಕಾದಲ್ಲಿಗೆ ಸಲ್ಲಿಸುವುದನ್ನು ನಮ್ಮ ಪರಂಪರೆಯು ದಾಸೋಹವೆಂದು ಕರೆದಿದೆ. ಕೋಶಕ್ಕೆ ಅದರ ಅರಿವಿಲ್ಲ. ಆದರೂ ಸಲ್ಲಿಕೆ ನಿಂತರೆ ದೇಹ ಉಳಿಯದು. ಉಪಾಧ್ಯಾಯ ಮಿತ್ರರು ಇನ್ನು ಮುಂದೆ ಕರಿಹಲಗೆಯ ಮೇಲೆ ಕೋಶದ ಚಿತ್ರವನ್ನು ಬರೆಯುವಾಗ ಒಳಗೆ ನಾಲ್ಕಾರು ಪುಟ್ಟ ಚೀಲಗಳನ್ನೂ, ಅವು ಸಾಗುವ ದಿಕ್ಕಿಗೆ ಬಾಣದ ಗುರುತುಗಳನ್ನೂ ಹಾಕಲಿ. ಅಷ್ಟರಿಂದಲೇ ಮಕ್ಕಳಿಗೆ ಕೋಶವು ಜೀವಂತವಾಗಿ ಕಾಣುವುದು.