ಹಳೆಯ ಚಿಲಕ ಎಸೆಯಬೇಡ

ಮಗಳೇ,

ಕಳಕ್ಕೂಟ್ಟಂನ ನಿನ್ನ ಮನೆಗೆ ಕಳ್ಳ ಹೊಕ್ಕ ದಿನವೂ ನೀನು ನಿನ್ನೆಯಷ್ಟು ಅತ್ತಿರಲಿಲ್ಲ. ಅಂದು ಹೋದದ್ದು ಬಂಗಾರ. ಪರಿಹಾರ ಕೊಡುವುದಿಲ್ಲವೆಂದು ನಿನ್ನೆ ಬಂದ ವಿಮೆಯ ಕಾಗದ ನಿನ್ನನ್ನೇ ಸುಳ್ಳುಗಾತಿ ಮಾಡಿದ ಹಾಗಾಯಿತು, ಅಲ್ಲವೇ? ಆ ಸಂಕಟ ನನಗೆ ಗೊತ್ತು. ಕುಂಬಳೆಯ ಮದುವೆ ಮುಗಿಸಿ ಎರ್ನಾಕುಳಕ್ಕೆ ಮರಳಿದಾಗ ನಮ್ಮ ಹಿಂಬಾಗಿಲೂ ಹೀಗೇ ತೆರೆದಿತ್ತು. ಆಮೇಲೆ ಇಂಥದೇ ಕಾಗದ. ನಾನು ಮೂರು ತಿಂಗಳು ಸಿಟ್ಟಿನಲ್ಲಿ ಪತ್ರದ ಮೇಲೆ ಪತ್ರ ಬರೆದೆ. ಒಂದರಿಂದಲೂ ಏನೂ ಆಗಲಿಲ್ಲ.

ನೀನು ಹಾಗೆ ಮಾಡಬೇಡ. ಆ ಕಾಗದದಲ್ಲಿ ಕೆಲಸಕ್ಕೆ ಬರುವುದು ಒಂದೇ ವಾಕ್ಯ: 'ಬಲಪ್ರಯೋಗದಿಂದ ಒಳಹೊಕ್ಕ ಕುರುಹಿಲ್ಲ.' ಉತ್ತರ ಅದಕ್ಕಷ್ಟೇ ಕೊಡು. ಕಂತು ತಪ್ಪಿಸಿಲ್ಲ, ನಿನ್ನಂಥವರಿಗೆ ಹೀಗಾಗಬಾರದು ಎಂಬುದೆಲ್ಲ ನಿಜವೇ. ಆದರೆ ಅದರಿಂದ ಆ ವಾಕ್ಯ ಅಲುಗಾಡುವುದಿಲ್ಲ.

ನಿನ್ನದು ಕನ್ನಗಳವಿಗೆಂದೇ ಮಾಡಿಸಿದ ಪಾಲಿಸಿ, ಅದು ನೆಮ್ಮದಿ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯೊಂದನ್ನೇ ನಂಬಿದವರು ಬಹಳ. ಅದರಲ್ಲಿ ಬೆಂಕಿ, ನೆರೆಯಂಥ ಅವಘಡವಾದ ಏಳು ದಿನಗಳೊಳಗಿನ ಕಳವಿಗೆ ಮಾತ್ರ ರಕ್ಷಣೆ; ಬರೀ ಕನ್ನ ಬಿದ್ದರೆ ಇಲ್ಲ.

ಈಗ ಬಲಪ್ರಯೋಗದ ಮಾತು. ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಮಿನ ಪ್ರಕಾರ ಕದಿಯಲೆಂದು ಬೀಗ ತೆರೆದು ಒಳಹೊಕ್ಕರೂ ಅದು ಮನೆಗನ್ನವೇ. ವಿಮೆಯ ಲೆಕ್ಕ ಬೇರೆ. 2004ರಲ್ಲಿ ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಾಲಿಸಿಯಲ್ಲಿ ಕನ್ನಗಳವಿಗೆ ಕೊಟ್ಟ ಅರ್ಥವನ್ನೇ ಹಿಡಿಯಬೇಕು, ಬಲ ಬಳಸಿದ್ದು ಕಾಣಬೇಕು ಎಂದಿತು. ವಿಮೆ ಮಾಡಿಸಿದವರು ಸೋತರು. ಇಷ್ಟು ಬಿಗಿಯಾದ ವ್ಯಾಖ್ಯೆ ಸಾಮಾನ್ಯ ಜನರಿಗೆ ತಿಳಿಯುವುದು ಕಷ್ಟ, ಕಂಪನಿಗಳು ಅದನ್ನು ತಿದ್ದಬೇಕು ಎಂದೂ ಅದೇ ತೀರ್ಪು ಹೇಳಿತು. ಹಾಗಾಗಿ ಪಾಲಿಸಿಯ ಪೂರ್ತಿ ಪುಸ್ತಕ ತೆಗೆದು, ವ್ಯಾಖ್ಯೆಗಳ ಪುಟವನ್ನು ಪೆನ್ಸಿಲು ಹಿಡಿದು ಓದು.

ನನ್ನ ಕೈ ಸುಟ್ಟದ್ದು ಮಾತ್ರ ಭಾಷೆಯಿಂದ. ಠಾಣೆಯಲ್ಲಿ ನನ್ನ ಕಾಸರಗೋಡಿನ ಮಲಯಾಳದಲ್ಲಿ ಗಡಿಬಿಡಿಯಿಂದ 'ಪೂಟ್ಟು ತುರನ್ನು' ಎಂದುಬಿಟ್ಟೆ, ಬೀಗ ತೆರೆದು ಅಂತ. ಹೇಳಬೇಕಾದದ್ದು 'ಪೂಟ್ಟು ಪೊಳಿಚ್ಚು', ಮುರಿದು. ಎಫ್‌ಐಆರ್‌ನಲ್ಲಿ ಅದೇ ಪದ ಕೂತಿತು. ಓದಲು ಬಾರದ ಲಿಪಿಗೆ ನಾನು ಸಹಿ ಹಾಕಿದೆ. ಕಂಪನಿ ಆ ಒಂದು ಪದದ ಮೇಲೆ ನಿಂತಿತು. ಕೊನೆಗೆ ನನ್ನನ್ನು ಉಳಿಸಿದ್ದು ಸ್ಥಳದ ಮಹಜರು. ಬಾಗಿಲ ಚೌಕಟ್ಟಿನಲ್ಲಿ ಹಾರೆ ಮೀಟಿದ ಗುರುತನ್ನು ಪೊಲೀಸರು ಅದರಲ್ಲಿ ಬರೆದಿಟ್ಟಿದ್ದರು.

ನಿನ್ನ ಎಫ್‌ಐಆರ್ ಪ್ರತಿಯನ್ನು ಮಲಯಾಳ ಚೆನ್ನಾಗಿ ಬಲ್ಲ ಸಹೋದ್ಯೋಗಿಯ ಹತ್ತಿರ ಪದ ಪದ ಓದಿಸು. ದೂರು ಕೊಟ್ಟವರಿಗೆ ಆ ಪ್ರತಿಯನ್ನು ಪುಕ್ಕಟೆ ಕೊಡಲೇಬೇಕು. ತಪ್ಪಿದ್ದರೆ ಹೆಚ್ಚುವರಿ ಹೇಳಿಕೆ ಕೊಡು. ಮಹಜರಿನ ಪ್ರತಿ ಕೇಳು. ಕಂಪನಿ ಕಳಿಸಿದ ಸರ್ವೇಯರ್‌ನ ವರದಿಯನ್ನೂ ಕೇಳು. ನಿನ್ನ ಮನೆಯ ಬಗ್ಗೆ ಅವರು ಏನು ಬರೆದಿದ್ದಾರೆಂದು ತಿಳಿಯದೆ ವಾದಿಸುವುದು ಹೇಗೆ? ಹೋದ ವಸ್ತುಗಳ ಪಟ್ಟಿಯಲ್ಲಿ ಎರಡು ಬಳೆ ಹೋದರೆ ಎರಡೇ ಇರಲಿ. ಮೂರನೆಯದು ಸೇರಿತೋ, ಆ ಎರಡೂ ಸಿಗುವುದಿಲ್ಲ.

ಇಷ್ಟು ಸೇರಿಸಿ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆ. ಅವರು ಮತ್ತೆ ಒಲ್ಲೆ ಎಂದರೆ, ಅಥವಾ ಒಂದು ತಿಂಗಳು ಸುಮ್ಮನಿದ್ದರೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಇಡೀ ಕೇರಳಕ್ಕೆ ಅವರ ಕಚೇರಿ ಇಲ್ಲೇ, ಕೊಚ್ಚಿಯಲ್ಲಿ. ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ಪರಿಹಾರ ಕೊಡಿಸಬಲ್ಲರು. ಒಂದು ವರ್ಷದೊಳಗೆ ಹೋಗಬೇಕು. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ನಿನಗೆ ಒಪ್ಪಿಗೆಯಾಗದಿದ್ದರೆ ತಿರುವನಂತಪುರದ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದೇ ಇರುತ್ತದೆ. ಅಲ್ಲಿಗೆ ಎರಡು ವರ್ಷದ ಗಡುವು. ಎರಡು ಕಡೆ ಒಟ್ಟಿಗೆ ಮಾತ್ರ ಹೋಗಬೇಡ. ಇನ್ನೊಂದು: ತಿರಸ್ಕಾರದ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಕಂಪನಿ ಆಮೇಲೆ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಹೇಳಿದೆ. ಆ ಕಾಗದವನ್ನು ಜೋಪಾನವಾಗಿಡು.

ಹೊಸ ಚಿಲಕ ಹಾಕಿದ ಆಚಾರಿ ಹಳೆಯದನ್ನು ಹಿತ್ತಲಿಗೆ ಎಸೆದ ಎಂದೆಯಲ್ಲ, ನಾಳೆ ಬೆಳಕಾಗುತ್ತಲೇ ಹುಡುಕು. ಸಿಕ್ಕರೆ ಉಜ್ಜಬೇಡ, ತೊಳೆಯಬೇಡ. ಇದ್ದ ಹಾಗೇ ಫೋಟೋ ತೆಗೆದು ಬಟ್ಟೆಯಲ್ಲಿ ಸುತ್ತಿಡು. ಯಾವ ಕಿಟಕಿಯದು, ಹೇಗೆ ಬಾಗಿತ್ತು ಎಂದು ಆಚಾರಿಯಿಂದ ಒಂದು ಚೀಟಿಯಲ್ಲಿ ಬರೆಸಿಕೋ. ಶನಿವಾರ ಎರಡನ್ನೂ ತೆಗೆದುಕೊಂಡು ವೇಣಾಡ್ ರೈಲು ಹತ್ತಿ ಬಾ. ನಾನು ಸ್ಟೇಷನ್ನಿಗೆ ಬರುತ್ತೇನೆ.